ಹಲಗೆಯ ಚಿತ್ರವೂ ಪೊರೆಯ ನಕ್ಷೆಯೂ

(ಡೊಂಬಿವಲಿಯಲ್ಲಿ ಸಂಘದ ತಿಂಗಳ ಉಪನ್ಯಾಸದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಕುಮಾರವ್ಯಾಸನನ್ನು ಕುರಿತು, ವಚನಕಾರರನ್ನು ಕುರಿತು, ಗಡಿನಾಡಿನ ಪ್ರಶ್ನೆಯನ್ನು ಕುರಿತು ಮಾತನಾಡಿದವರು ಅನೇಕರಿದ್ದಾರೆ. ಬರಿಗಣ್ಣಿಗೆ ಕಾಣದ ಜೀವಿಯೊಂದರ ಒಡಲೊಳಗಿನ ಪೊರೆಯ ವಿಷಯವಾಗಿ ಮಾತನಾಡುತ್ತೇನೆಂದು ನಾನು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಾದರು. ಅನಂತರ, ‘ಜನ ಬರುತ್ತಾರೋ ನೋಡೋಣ ಸರ್’ ಎಂದರು. ನೀವು ಬಂದಿದ್ದೀರಿ. ಅದಕ್ಕಾಗಿ ಮೊದಲು ನಿಮಗೆ ವಂದನೆಗಳು.

ಈ ವಿಷಯ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ದೋಣಿಯಲ್ಲಿ. ಕಳೆದ ಚಳಿಗಾಲದ ಕೊನೆಗೆ ಸಂಘದ ಕೆಲವು ಕುಟುಂಬಗಳು ಸೇರಿ ಐರೋಳಿಗೆ ಹೋಗಿದ್ದೆವು. ಅಲ್ಲಿಂದ ದೋಣಿಯಲ್ಲಿ ಠಾಣೆಯ ಖಾಡಿಯೊಳಗೆ ಹೋಗಿ ಹಕ್ಕಿಗಳನ್ನು ನೋಡಬಹುದು. ಖಾಡಿಯ ಈ ಭಾಗವನ್ನು 2015ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು, 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ಮ್ಯಾಂಗ್ರೋವ್ ಗಿಡಗಳ ಸಾಲು ದಾಟಿದೊಡನೆ, ಇಳಿತದ ಹೊತ್ತಿನಲ್ಲಿ ತೆರೆದುಕೊಂಡ ಕಪ್ಪು ಕೆಸರಿನ ಮೇಲೆ, ಸಾವಿರಾರು ರಾಜಹಂಸಗಳು ತಲೆ ಕೆಳಗೆ ಮಾಡಿ ಮೇಯುತ್ತ ನಿಂತಿದ್ದವು. ಮರಾಠಿಯಲ್ಲಿ ಅದಕ್ಕೆ ‘ರೋಹಿತ’ ಎನ್ನುತ್ತಾರೆ, ಕೆಂಪನೆಯದು ಎಂದು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಬೆಳಕನ್ನು ಒಡೆದಾಗ ಕಾಣುವ ಬಣ್ಣಗಳ ಪಟ್ಟಿಗೆ ರೋಹಿತ ಎಂಬ ಹೆಸರಿದೆ. ಎರಡು ಭಾಷೆಗಳು ಒಂದೇ ಮಾತನ್ನು ಹಂಚಿಕೊಂಡ ಬಗೆ ನನಗೆ ಆಗ ಸೊಗಸೆನಿಸಿತು.

ದೋಣಿಯಲ್ಲಿದ್ದ ನಮ್ಮ ಸದಸ್ಯೆಯೊಬ್ಬರು ಕೇಳಿದರು: ‘ಇಷ್ಟು ಕಪ್ಪು ಕೆಸರಿನಲ್ಲಿ ನಿಂತ ಹಕ್ಕಿಗೆ ಈ ಗುಲಾಬಿ ಬಣ್ಣ ಎಲ್ಲಿಂದ ಬಂತು ಸರ್?’ ಉತ್ತರ ಸುಲಭ: ತಿನ್ನುವ ಆಹಾರದಿಂದ. ಹಕ್ಕಿಯ ಮೈಯಲ್ಲಿ ಈ ಬಣ್ಣ ಹುಟ್ಟುವುದಿಲ್ಲ. ಸಣ್ಣ ರಾಜಹಂಸ ತನ್ನ ಕೊಕ್ಕಿನ ಜರಡಿಯಲ್ಲಿ ಸೋಸಿ ನುಂಗುವ ಅಣುಗಾತ್ರದ ಜೀವಿಗಳಲ್ಲಿ ಕೆರೋಟಿನ್ ಜಾತಿಯ ವರ್ಣಕಗಳಿರುತ್ತವೆ. ಹಕ್ಕಿಯ ಶರೀರ ಅವನ್ನು ಕೊಂಚ ಮಾರ್ಪಡಿಸಿ ಗರಿಗಳಲ್ಲಿ ತುಂಬಿಕೊಳ್ಳುತ್ತದೆ. ನಾನು ಇಷ್ಟನ್ನು ಹೇಳಿ ಸುಮ್ಮನಾದೆ. ಆದರೆ ಮನೆಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಕಾಡತೊಡಗಿತು: ಆ ಜೀವಿಯ ಒಡಲಲ್ಲಿ ಆ ವರ್ಣಕ ಎಲ್ಲಿತ್ತು? ಯಾರ ಪಕ್ಕದಲ್ಲಿ ಕುಳಿತು ಏನು ಮಾಡುತ್ತಿತ್ತು? ಈ ‘ಎಲ್ಲಿ’ ಎಂಬ ಪ್ರಶ್ನೆಯ ಜೊತೆ ನನಗೊಂದು ಹಳೆಯ ಸಾಲವಿದೆ. ಇಂದಿನ ಮಾತು ಆ ಸಾಲ ತೀರಿಸುವ ಪ್ರಯತ್ನ.

ಮೊದಲು ಈ ಜೀವಿಗಳ ಪರಿಚಯ. ನಾವು ಓದುವಾಗ ಇವನ್ನು ನೀಲಿ-ಹಸಿರು ಪಾಚಿ ಎನ್ನುತ್ತಿದ್ದರು. ಮದರಾಸಿನ ಟಿ.ವಿ. ದೇಶಿಕಾಚಾರಿ 1959ರಲ್ಲಿ ಇವುಗಳ ಮೇಲೆ ಬರೆದ ಬೃಹದ್ಗ್ರಂಥವನ್ನು ಜಗತ್ತಿನ ಪಾಚಿತಜ್ಞರು ಇಂದಿಗೂ ತೆರೆದು ನೋಡುತ್ತಾರೆ. ಈಗ ಇವುಗಳ ಹೆಸರು ಸಯನೋಬ್ಯಾಕ್ಟೀರಿಯ. ಪಾಚಿಯಂತೆ ಬಾಳುವ ಬ್ಯಾಕ್ಟೀರಿಯಗಳು ಇವು, ಪಾಚಿಯಲ್ಲ. ಮಳೆಗಾಲದಲ್ಲಿ ನಮ್ಮ ಕಟ್ಟಡದ ಗಚ್ಚಿಯ ಮೇಲೆ ಕಾಲು ಜಾರಿಸುವ ಆ ಕರಿಹಸಿರು ಪದರದಲ್ಲಿ ಇವೇ ಹೆಚ್ಚು. ಊರಿನ ಭತ್ತದ ಗದ್ದೆಯ ನಿಂತ ನೀರಿನಲ್ಲಿಯೂ ಇವೇ ಇವೆ. ಭತ್ತದ ಗದ್ದೆ ವರ್ಷವರ್ಷವೂ ಅಷ್ಟಾಗಿ ಸಾರ ಕಳೆದುಕೊಳ್ಳದಿರುವುದಕ್ಕೆ ಇವು ಕಾರಣವೆಂದು 1939ರಲ್ಲಿಯೇ ಪಿ.ಕೆ. ಡೇ ಎಂಬ ವಿಜ್ಞಾನಿ ಢಾಕಾದಲ್ಲಿ ಕೆಲಸ ಮಾಡಿ ತೋರಿಸಿದರು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇವುಗಳಿಂದ. ಗಿಡಮರಗಳ ಎಲೆಯಲ್ಲಿರುವ ಹಸಿರು ಕಣಗಳು ಇವುಗಳದೇ ಸಂತತಿ: ಎಂದೋ ಒಂದು ಕಾಲದಲ್ಲಿ ಇನ್ನೊಂದು ಜೀವಕೋಶದೊಳಗೆ ಸೇರಿಕೊಂಡು ಅಲ್ಲಿಯೇ ಒಕ್ಕಲಾದವು.

ಇನ್ನು ನನ್ನ ಸಾಲದ ವಿಷಯ. ಮೂವತ್ತು ವರ್ಷ ನಾನು ಈ ಭಾಗದ ಒಂದು ಕಿರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದೆ. ದ್ಯುತಿಸಂಶ್ಲೇಷಣೆಯ ಪಾಠ ಬಂದಾಗ ಕರಿಹಲಗೆಯ ಮೇಲೆ ಅಡ್ಡಲಾಗಿ ಮಲಗಿಸಿದ ಇಂಗ್ಲಿಷ್ ‘ಝಡ್’ ಅಕ್ಷರದ ಹಾಗೆ ಒಂದು ಚಿತ್ರ ಬರೆಯುತ್ತಿದ್ದೆ. ಎಡಗಡೆ ದ್ಯುತಿವ್ಯವಸ್ಥೆ 2, ಬಲಗಡೆ ದ್ಯುತಿವ್ಯವಸ್ಥೆ 1. ಬೆಳಕು ಬಿದ್ದರೆ ಎಲೆಕ್ಟ್ರಾನು ಎಡಗಡೆ ಮೇಲಕ್ಕೆ ನೆಗೆಯುತ್ತದೆ, ಮೆಟ್ಟಿಲಿಳಿದು ಬಲಗಡೆಗೆ ಬರುತ್ತದೆ, ಅಲ್ಲಿ ಇನ್ನೊಮ್ಮೆ ಬೆಳಕು ಬಿದ್ದು ಮತ್ತೆ ಮೇಲಕ್ಕೆ. ರಾಬಿನ್ ಹಿಲ್ ಮತ್ತು ಫೇ ಬೆಂಡಾಲ್ 1960ರಲ್ಲಿ ಪ್ರಕಟಿಸಿದ ವಿಚಾರದಿಂದ ಬೆಳೆದ ಚಿತ್ರ ಇದು. ಸುಂದರವಾದ ಚಿತ್ರ. ಪರೀಕ್ಷೆಯಲ್ಲಿ ಪ್ರತಿವರ್ಷ ಬರುತ್ತಿತ್ತು.

1984ರಲ್ಲಿ ಎಂದು ನೆನಪು, ಒಬ್ಬ ಹುಡುಗನಿದ್ದ. ಉಡುಪಿಯ ಕಡೆಯವನು, ಬೆಳಿಗ್ಗೆ ಮಾವನ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತು, ಹನ್ನೊಂದಕ್ಕೆ ಕಾಲೇಜಿಗೆ ಬರುತ್ತಿದ್ದ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತಾದ್ದರಿಂದ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಹೊರಗೆ ಕಾದಿದ್ದು ಕನ್ನಡದಲ್ಲಿ ಕೇಳಿದ: ‘ಸರ್, ಆ ಎರಡರ ನಡುವೆ ಎಷ್ಟು ದೂರ ಇರುತ್ತದೆ? ಎಲೆಕ್ಟ್ರಾನ್ ಅಲ್ಲಿಂದ ಇಲ್ಲಿಗೆ ಬರುವುದು ಹೇಗೆ?’ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ‘ಅದು ಪರೀಕ್ಷೆಗೆ ಬರುವುದಿಲ್ಲಪ್ಪ, ಚಿತ್ರ ಸರಿಯಾಗಿ ಬರೆದುಕೋ’ ಎಂದೆ. ಅವನು ತಲೆಯಾಡಿಸಿ ಹೋದ. ಮರುದಿನದಿಂದ ಅವನು ಪಾಠದ ನಂತರ ಕಾಯುತ್ತಿರಲಿಲ್ಲ.

ನನ್ನ ತಪ್ಪು ಎರಡು ಬಗೆಯದು. ಹುಡುಗನನ್ನು ಸುಮ್ಮನಾಗಿಸಿದ್ದು ಒಂದು. ಇನ್ನೊಂದು ಅದಕ್ಕಿಂತ ಆಳವಾದದ್ದು: ಆ ಚಿತ್ರ ನಕ್ಷೆಯೇ ಅಲ್ಲ. ಅದರಲ್ಲಿ ಮೇಲೆ ಕೆಳಗೆ ಎಂಬುದು ಶಕ್ತಿಯ ಏರಿಳಿತವನ್ನು ತೋರಿಸುತ್ತದೆಯೇ ಹೊರತು ಸ್ಥಳವನ್ನಲ್ಲ. ಮನೆಯ ಜಮಾಖರ್ಚಿನ ಪುಸ್ತಕವನ್ನು ನೋಡಿ ಮನೆಯಲ್ಲಿ ಎಷ್ಟು ಕೋಣೆ, ಅಡುಗೆಮನೆ ಯಾವ ದಿಕ್ಕಿಗೆ ಎಂದು ಹೇಳಲಾಗದು. ನಾನು ಜಮಾಖರ್ಚನ್ನು ಮನೆಯ ನಕ್ಷೆಯೆಂದು ಮೂವತ್ತು ವರ್ಷ ಕಲಿಸಿದೆ. ನಾನೂ ಹಾಗೆಯೇ ನಂಬಿದ್ದೆ. ಹುಡುಗ ಕೇಳಿದ್ದು ನಕ್ಷೆಯನ್ನು.

ಆ ನಕ್ಷೆ ಇಂದು ಬಹುಮಟ್ಟಿಗೆ ನಮ್ಮ ಮುಂದಿದೆ. ಸಯನೋಬ್ಯಾಕ್ಟೀರಿಯದ ಕೋಶ ಒಂದೆರಡು ಮೈಕ್ರೋಮೀಟರು ಗಾತ್ರದ್ದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಎರಡು ಪಾಲು. ಅದರ ಒಳಗೆ ಹೊರಗೋಡೆಗೆ ಸಮೀಪವಾಗಿ, ಈರುಳ್ಳಿಯ ಪದರಗಳಂತೆ ಪೊರೆಗಳು ಸುತ್ತಿಕೊಂಡಿವೆ. ಇವಕ್ಕೆ ಥೈಲಕಾಯ್ಡ್ ಎಂದು ಹೆಸರು. ಕೊಬ್ಬಿನಂಥ ವಸ್ತುವಿನ ಅತಿತೆಳು ಹಾಳೆ. ಅದರಲ್ಲಿ ಪ್ರೊಟೀನುಗಳು ಎಷ್ಟು ಒತ್ತಾಗಿ ಹುದುಗಿವೆಯೆಂದರೆ ಹಾಳೆಗಿಂತ ಹುದುಗಿದ್ದೇ ಹೆಚ್ಚು ಎನ್ನಬೇಕು. ಪ್ರೊಟೀನುಗಳು ಬಿಡಿಬಿಡಿಯಾಗಿರದೆ ಹತ್ತಾರು ಒಂದುಗೂಡಿ, ನಡುವೆ ಪತ್ರಹರಿತ್ತನ್ನೂ ಕೆರೋಟಿನನ್ನೂ ಲೋಹದ ಪರಮಾಣುಗಳನ್ನೂ ಹಿಡಿದುಕೊಂಡು ಒಂದೊಂದು ಯಂತ್ರವಾಗಿವೆ. ಇವೇ ಪ್ರೊಟೀನು ಸಂಕೀರ್ಣಗಳು.

ದ್ಯುತಿವ್ಯವಸ್ಥೆ 2 ನೀರನ್ನು ಒಡೆಯುತ್ತದೆ. ನಾವೆಲ್ಲ ಉಸಿರಾಡುವ ಆಮ್ಲಜನಕ ಅಲ್ಲಿಂದ ಬಂದದ್ದು. ಇದು ಸಾಮಾನ್ಯವಾಗಿ ಜೋಡಿಯಾಗಿರುತ್ತದೆ, ಒಂದೊಂದರಲ್ಲಿ 35 ಪತ್ರಹರಿತ್ತಿನ ಅಣುಗಳು. ಜೋಡಿಯ ಉದ್ದ ಸುಮಾರು 20 ನ್ಯಾನೋಮೀಟರು. ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರು ಇವೆಯೆಂದು ನೆನಪಿಟ್ಟುಕೊಂಡರೆ ಸಾಕು. ನೀರಿನಿಂದ ಕಿತ್ತ ಎಲೆಕ್ಟ್ರಾನನ್ನು ಪ್ಲಾಸ್ಟೋಕ್ವಿನೋನ್ ಎಂಬ ಸಣ್ಣ ಅಣು ಹೊತ್ತುಕೊಂಡು ಪೊರೆಯೊಳಗೆ ಈಜುತ್ತ ಸೈಟೋಕ್ರೋಮ್ ಸಂಕೀರ್ಣಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಇನ್ನೊಂದು ಪುಟ್ಟ ಪ್ರೊಟೀನು ಅದನ್ನು ದ್ಯುತಿವ್ಯವಸ್ಥೆ 1ಕ್ಕೆ ಸಾಗಿಸುತ್ತದೆ. ಈ ದ್ಯುತಿವ್ಯವಸ್ಥೆ 1 ಸಯನೋಬ್ಯಾಕ್ಟೀರಿಯಗಳಲ್ಲಿ ಹೆಚ್ಚಾಗಿ ಮೂರು ಮೂರು ಸೇರಿ ಒಂದು ಮೂರೆಸಳಿನ ಹೂವಿನಂತಿರುತ್ತದೆ. ಒಂದು ಎಸಳಿನಲ್ಲಿ 96 ಪತ್ರಹರಿತ್ತಿನ ಅಣುಗಳು, 22 ಕೆರೋಟಿನ್ ಅಣುಗಳು. ಮೂರರಲ್ಲಿ ಕೂಡಿಸಿದರೆ ಕೆರೋಟಿನ್ 66. ಐರೋಳಿಯಲ್ಲಿ ಕೇಳಿದ ಪ್ರಶ್ನೆಗೆ ಇದು ಉತ್ತರದ ಒಂದು ಭಾಗ: ಹಕ್ಕಿಯ ಗರಿಗೆ ಹೋಗಿ ಸೇರುವ ಬಣ್ಣ ಬೆಳಕಿನ ಯಂತ್ರದೊಳಗೆ, ಪತ್ರಹರಿತ್ತಿನ ಪಕ್ಕದಲ್ಲಿ, ಅದು ಸುಟ್ಟುಹೋಗದಂತೆ ಕಾಯುತ್ತ ಕುಳಿತದ್ದು.

ಹಾಗಾದರೆ ನೀಲಿ ಎಲ್ಲಿಂದ? ಪೊರೆಯ ಹೊರಮೈಗೆ ಅಂಟಿಕೊಂಡಂತೆ, ಬೀಸಣಿಗೆಯ ಆಕಾರದ ದೊಡ್ಡ ದೊಡ್ಡ ರಚನೆಗಳಿವೆ. ಫೈಕೋಬಿಲಿಸೋಮ್ ಎಂದು ಹೆಸರು. 1960ರ ದಶಕದಲ್ಲಿ ಎಲಿಜಬೆತ್ ಗ್ಯಾಂಟ್ ಎಂಬಾಕೆ ಇವನ್ನು ಮೊದಲು ಕೆಂಪು ಪಾಚಿಯೊಂದರಲ್ಲಿ ಕಂಡರು. ಪತ್ರಹರಿತ್ತು ಹಿಡಿಯಲಾರದ ಕಿತ್ತಳೆ ಬೆಳಕನ್ನು ಇವು ಹಿಡಿದು ಕೆಳಗಿನ ಯಂತ್ರಗಳಿಗೆ ಒಪ್ಪಿಸುತ್ತವೆ. ಇದರ ಮುಖ್ಯ ಪ್ರೊಟೀನು ಫೈಕೋಸಯಾನಿನ್, ಅಚ್ಚ ನೀಲಿ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ ಎಲ್.ವಿ. ವೆಂಕಟರಾಮನ್ ಮೊದಲಾದವರು ಸ್ಪಿರುಲಿನಾ ಬೆಳೆಸುವ ಕೆಲಸವನ್ನು ದೀರ್ಘಕಾಲ ನಡೆಸಿದರು. ಆ ಸ್ಪಿರುಲಿನಾದಿಂದ ತಿನಿಸುಗಳಿಗೆ ಹಾಕಲು ತೆಗೆಯುವ ನೀಲಿ ಬಣ್ಣ ಇದೇ ಫೈಕೋಸಯಾನಿನ್.

ಯಂತ್ರಗಳ ಪರಮಾಣುಮಟ್ಟದ ರೂಪ ನಮಗೆ ತಿಳಿದದ್ದು ಈ ಶತಮಾನದಲ್ಲಿ. ಜಪಾನಿನ ಬಿಸಿನೀರಿನ ಬುಗ್ಗೆಯೊಂದರಿಂದ ಬಂದ ಸಯನೋಬ್ಯಾಕ್ಟೀರಿಯದ ದ್ಯುತಿವ್ಯವಸ್ಥೆ 1ನ್ನು ಬರ್ಲಿನ್ನಿನ ವಿಜ್ಞಾನಿಗಳು ಹರಳುಗಟ್ಟಿಸಿ 2001ರಲ್ಲಿ ಅದರ ವಿವರವಾದ ರೂಪವನ್ನು ಪ್ರಕಟಿಸಿದರು. ದ್ಯುತಿವ್ಯವಸ್ಥೆ 2ರ ಅಂಥದೇ ಸ್ಪಷ್ಟ ಚಿತ್ರವನ್ನು 2011ರಲ್ಲಿ ಜಪಾನೀಯರು ಕೊಟ್ಟರು. ನೀರನ್ನು ಒಡೆಯುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸು, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕದ ಪರಮಾಣುಗಳು ಸೊಟ್ಟ ಕುರ್ಚಿಯ ಆಕಾರದಲ್ಲಿ ಕೂಡಿಕೊಂಡಿರುವುದು ಕಂಡಿತು. ಇವು ಮಹತ್ತಾದ ಕೆಲಸಗಳೇ. ಆದರೆ ಹರಳುಗಟ್ಟಿಸಬೇಕಾದರೆ ಯಂತ್ರವನ್ನು ಪೊರೆಯಿಂದ ಕಿತ್ತು ತೊಳೆಯಬೇಕು. ಕಿತ್ತ ಮೇಲೆ ಅದು ಯಾರ ನೆರೆಯಲ್ಲಿತ್ತು ಎಂಬುದು ಅಳಿಸಿಹೋಗುತ್ತದೆ. ನನ್ನ ಹುಡುಗನ ಪ್ರಶ್ನೆ ಹಾಗೆಯೇ ಉಳಿಯಿತು.

ಗಿಡಗಳ ವಿಷಯದಲ್ಲಿ ಅದಕ್ಕೊಂದು ಉತ್ತರವಿತ್ತು. ಎಲೆಯ ಹಸಿರು ಕಣದಲ್ಲಿ ಪೊರೆಗಳು ನಾಣ್ಯ ಪೇರಿಸಿಟ್ಟಂತೆ ಒತ್ತೊತ್ತಾಗಿರುತ್ತವೆ. ಪೇರಿಕೆಯೊಳಗೆ ದ್ಯುತಿವ್ಯವಸ್ಥೆ 2, ಹೊರಗೆ ದ್ಯುತಿವ್ಯವಸ್ಥೆ 1. ಸಯನೋಬ್ಯಾಕ್ಟೀರಿಯಗಳಲ್ಲಿ ಇಂಥ ಪೇರಿಕೆಯಿಲ್ಲ. ಮೇಲಾಗಿ ಇವುಗಳಿಗೆ ಇನ್ನೊಂದು ತೊಡಕಿದೆ: ಗಿಡದಲ್ಲಿ ಉಸಿರಾಟದ ಯಂತ್ರಗಳಿಗೆ ಬೇರೆ ಕಣವಿದೆ, ಇವುಗಳಲ್ಲಿ ಬೆಳಕಿನ ಯಂತ್ರಗಳೂ ಉಸಿರಾಟದ ಯಂತ್ರಗಳೂ ಒಂದೇ ಪೊರೆಯಲ್ಲಿ, ಒಂದೇ ಪ್ಲಾಸ್ಟೋಕ್ವಿನೋನಿನ ದಾಸ್ತಾನನ್ನು ಹಂಚಿಕೊಂಡು ಬಾಳಬೇಕು. ಕಲ್ಯಾಣದಿಂದ ಹೊರಟ ದೂರದ ಗಾಡಿಗಳೂ ಲೋಕಲುಗಳೂ ಒಂದೇ ಹಳಿಯ ಮೇಲೆ ಓಡಬೇಕಾದ ಹಾಗೆ. ಎಲೆಕ್ಟ್ರಾನು ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವವರು ಯಾರು?

ಲಂಡನ್ನಿನಲ್ಲಿ ಕಾನ್ರಾಡ್ ಮುಲಿನೋ ಮತ್ತು ಅವರ ಜೊತೆಗಾರರು ಈ ಪ್ರಶ್ನೆಗೆ ಜೀವಂತ ಕೋಶದಲ್ಲಿಯೇ ಉತ್ತರ ಹುಡುಕಿದರು. 1997ರ ಪ್ರಯೋಗ ಸರಳವಾದದ್ದು, ಆದ್ದರಿಂದಲೇ ನನಗೆ ಅದು ಬಹಳ ಇಷ್ಟ. ಉದ್ದನೆಯ ಕೋಶವುಳ್ಳ ಒಂದು ಜಾತಿಯನ್ನು ಆರಿಸಿಕೊಂಡು, ಲೇಸರಿನಿಂದ ಅದರ ಮೇಲೆ ಅಡ್ಡಗೆರೆ ಎಳೆದು ಆ ಗೆರೆಯಲ್ಲಿ ವರ್ಣಕಗಳ ಹೊಳಪನ್ನು ಅಳಿಸಿದರು. ಅನಂತರ ಕಾದು ನೋಡಿದರು. ಫೈಕೋಬಿಲಿಸೋಮುಗಳ ಗೆರೆ ಬೇಗನೆ ಮಾಸಿತು, ಅಂದರೆ ಅಕ್ಕಪಕ್ಕದವು ಸರಿದು ಬಂದು ತೆರವನ್ನು ತುಂಬಿದವು. ದ್ಯುತಿವ್ಯವಸ್ಥೆ 2ರ ಗೆರೆ ಮಾತ್ರ ಇದ್ದಲ್ಲೇ ಇತ್ತು. ಗಾಡಿಯಲ್ಲಿ ಕುಳಿತವರು ಕದಲುವುದಿಲ್ಲ, ಶೇಂಗಾ ಮಾರುವ ಹುಡುಗ ಮಾತ್ರ ಆ ನೂಕುನುಗ್ಗಲಿನಲ್ಲಿಯೂ ತೂರಿ ಹೋಗುತ್ತಾನಲ್ಲ, ಹಾಗೆ. ಬೆಳಕು ಒಂದು ಯಂತ್ರಕ್ಕೆ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಾದಾಗ ಈ ನೀಲಿ ಬೀಸಣಿಗೆಗಳು ತಮ್ಮ ಕೊಡುಗೆಯನ್ನು ಹೊಂದಿಸುತ್ತವೆ.

ಆದರೆ ಇಲ್ಲಿ ಭಿನ್ನಮತವೂ ಇದೆ. 2013ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ಕೋಶ ಜೀವಂತವಿರುವಾಗಲೇ ನೆರೆಹೊರೆಯ ಪ್ರೊಟೀನುಗಳನ್ನು ರಾಸಾಯನಿಕವಾಗಿ ಒಂದಕ್ಕೊಂದು ಹೊಲಿದು ನೋಡಿದಾಗ, ಫೈಕೋಬಿಲಿಸೋಮ್ ಮತ್ತು ಎರಡೂ ದ್ಯುತಿವ್ಯವಸ್ಥೆಗಳು ಒಟ್ಟಾಗಿಯೇ ಒಂದು ಮಹಾಸಂಕೀರ್ಣವಾಗಿ ದೊರೆತವು. ಅಲೆಮಾರಿಯೋ, ಸಂಸಾರಿಯೋ? ಎರಡೂ ಎನ್ನುವುದೇ ನನಗೆ ಯುಕ್ತವಾಗಿ ಕಾಣುತ್ತದೆ. ಕೂಡಿಕೆ ಇದೆ, ಆದರೆ ಅದು ಶಾಶ್ವತವಲ್ಲ.

ಈ ಚರ್ಚೆಗಿಂತ ನನ್ನ ಮನಸ್ಸನ್ನು ಹಿಡಿದದ್ದು 2012ರ ಇನ್ನೊಂದು ಕೆಲಸ. ಲು-ನಿಂಗ್ ಲಿಯು ಮತ್ತು ಮುಲಿನೋ ಮೊದಲಾದವರು ಉಸಿರಾಟದ ಯಂತ್ರಗಳಿಗೆ ಹೊಳೆಯುವ ಗುರುತು ಹಚ್ಚಿ ಅವು ಪೊರೆಯಲ್ಲಿ ಎಲ್ಲಿವೆ ಎಂದು ನೋಡಿದರು. ಮಂದ ಬೆಳಕಿನಲ್ಲಿ ಅವು ಅಲ್ಲಲ್ಲಿ ಗುಂಪುಗಟ್ಟಿದ್ದವು. ಬೆಳಕು ಹೆಚ್ಚಿಸಿದಾಗ ಗುಂಪು ಒಡೆದು ಪೊರೆಯ ತುಂಬ ಸಮವಾಗಿ ಹರಡಿಕೊಂಡವು. ಹರಡಿಕೊಂಡಾಗ ಅವುಗಳಿಂದ ಹೊರಟ ಎಲೆಕ್ಟ್ರಾನು ದ್ಯುತಿವ್ಯವಸ್ಥೆ 1ರ ಕಡೆಗೆ ಹೋಗುವ ಸಂಭವ ಹೆಚ್ಚಿತು. ಗುಂಪಾಗಿದ್ದಾಗ ಉಸಿರಾಟದ ದಾರಿಯಲ್ಲಿಯೇ ಹೋಗಿ ಮುಗಿಯುವ ಸಂಭವ ಹೆಚ್ಚು. ಯಂತ್ರಗಳು ಅವೇ, ಅವು ಇರುವ ಜಾಗ ಬದಲಾದೊಡನೆ ದಾರಿಯೂ ಬದಲಾಯಿತು. ಹಲಗೆಯ ಮೇಲಿನ ನನ್ನ ಚಿತ್ರದಲ್ಲಿ ಇದನ್ನು ತೋರಿಸಲು ಜಾಗವೇ ಇರಲಿಲ್ಲ.

ಅನಂತರ ಬಂದದ್ದು ಮುಟ್ಟಿ ನೋಡುವ ಸೂಕ್ಷ್ಮದರ್ಶಕ. ಅತಿ ಮೊನಚಾದ ಸೂಜಿಯಿಂದ ಪೊರೆಯ ಮೈಯನ್ನು ಸವರುತ್ತ ಉಬ್ಬುತಗ್ಗುಗಳನ್ನು ಗುರುತಿಸುವ ವಿಧಾನ ಇದು. ಕುರುಡರು ಬ್ರೈಲ್ ಓದುವ ಹಾಗೆ. 2017ರಲ್ಲಿ ಶೆಫೀಲ್ಡಿನವರು ಮೂರೆಸಳಿನ ದ್ಯುತಿವ್ಯವಸ್ಥೆ 1ಗಳೇ ಸಾಲುಗಟ್ಟಿ ನಿಂತ ಕೇರಿಗಳನ್ನು ಕಂಡರು. 2020ರಲ್ಲಿ ಲಿವರ್‌ಪೂಲಿನ ಲಿಯು ಅವರ ತಂಡ ಬೇರೊಂದು ಜಾತಿಯಲ್ಲಿ ಬೇರೆ ಬೇರೆ ಯಂತ್ರಗಳು ಹೆಗಲಿಗೆ ಹೆಗಲು ತಾಗಿಸಿ ನಿಂತ ಕೇರಿಗಳನ್ನು ತೋರಿಸಿತು. ಜೀವಿ ಬೆಳೆದ ಪರಿಸರ ಬದಲಾದಂತೆ ಈ ಕೇರಿಗಳ ರೂಪವೂ ಬದಲಾಗುತ್ತಿತ್ತು. ಕಬ್ಬಿಣದ ಕೊರತೆಯ ಉದಾಹರಣೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ದ್ಯುತಿವ್ಯವಸ್ಥೆ 1ರ ಒಂದು ಎಸಳಿಗೆ 12 ಕಬ್ಬಿಣದ ಪರಮಾಣು ಬೇಕು, ಅದೊಂದು ದುಬಾರಿ ಯಂತ್ರ. ನೀರಿನಲ್ಲಿ ಕಬ್ಬಿಣ ಕಡಿಮೆಯಾದಾಗ ಜೀವಿ ಹೊಸ ಯಂತ್ರಗಳನ್ನು ಕಟ್ಟುವ ಬದಲು ಇದ್ದವುಗಳ ಸುತ್ತ ಕಬ್ಬಿಣ ಬೇಡದ ಬೇರೊಂದು ಪತ್ರಹರಿತ್ತಿನ ಪ್ರೊಟೀನನ್ನು ಬಳೆಯಂತೆ ತೊಡಿಸುತ್ತದೆ. ಒಂದು ಮೂರೆಸಳಿಗೆ 18 ಮಣಿಗಳ ಬಳೆ. 2001ರಲ್ಲಿ ಇದನ್ನು ಎರಡು ತಂಡಗಳು ಏಕಕಾಲಕ್ಕೆ ಕಂಡುಕೊಂಡವು. ಬಡತನದಲ್ಲಿ ಸಂಸಾರ ತೂಗಿಸುವುದನ್ನು ಬಲ್ಲ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಹೊತ್ತು ಲಂಡನ್ನು, ಬರ್ಲಿನ್ನು ಎಂದೆ. ಈಗ ನಮ್ಮ ಖಾಡಿಯ ದಡಕ್ಕೆ ಬರುತ್ತೇನೆ. ಇಂದಿನ ಮಾತಿನ ಮುಖ್ಯ ಭಾಗ ಇದೇ.

ವಾಶಿಯಿಂದ ಮಾನಖುರ್ದ ಕಡೆಗೆ ಗಾಡಿ ಸೇತುವೆ ದಾಟುವಾಗ ಎಡಗಡೆ ಟ್ರಾಂಬೆಯ ಗುಡ್ಡ ಕಾಣುತ್ತದೆ. ಅದರ ಮಗ್ಗುಲಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರ. ನಮ್ಮಲ್ಲಿ ಎಷ್ಟೋ ಮನೆಯವರು ಅಲ್ಲಿಗೆ ಹೋಗುವ ಬಸ್ಸು ಹಿಡಿದವರು. ಆ ಕೇಂದ್ರದ ಹೆಸರು ಹೇಳಿದರೆ ನಮ್ಮ ನೆನಪಿಗೆ ಬರುವುದು ಬಾಂಬು, ಇಲ್ಲವೇ ವಿದ್ಯುತ್ತು. ಕೈಗಾದ ಅಣುಸ್ಥಾವರದ ಕುರಿತು ಕನ್ನಡದಲ್ಲಿ ಎಷ್ಟು ಬರೆದೆವು, ಎಷ್ಟು ವಾದಿಸಿದೆವು! ಕಾರಂತರು 1989ರಲ್ಲಿ ಚುನಾವಣೆಗೂ ನಿಂತರು. ಆ ವಾದ ಬೇಕಾಗಿತ್ತು. ಆದರೆ ಅದೇ ಟ್ರಾಂಬೆಯಲ್ಲಿ ನೀಲಿ-ಹಸಿರು ಜೀವಿಗಳ ಮೇಲೆ ದಶಕಗಳ ಕಾಲ ನಡೆದ ಕೆಲಸದ ಬಗ್ಗೆ ಕನ್ನಡದಲ್ಲಿ ನಾನು ಒಂದು ಪುಟವನ್ನೂ ಓದಲಿಲ್ಲ, ಬರೆಯಲೂ ಇಲ್ಲ.

ಅನಬೀನಾ ಎಂಬುದು ಮಣಿಸರದಂತೆ ಕೋಶಕ್ಕೆ ಕೋಶ ಪೋಣಿಸಿಕೊಂಡಿರುವ ಜೀವಿ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವ ಶಕ್ತಿ ಇದಕ್ಕುಂಟು. ಆದರೆ ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕವೇ ವಿಷ. ಪಕ್ಕದಲ್ಲಿ ದ್ಯುತಿವ್ಯವಸ್ಥೆ 2 ಹಗಲಿಡೀ ಆಮ್ಲಜನಕ ಉಗುಳುತ್ತಿರುವಾಗ ಆ ಕಿಣ್ವ ಬದುಕುವುದೆಂತು? ಸರದಲ್ಲಿ ಹತ್ತು ಇಪ್ಪತ್ತು ಕೋಶಗಳಿಗೊಂದು ದಪ್ಪ ಗೋಡೆಯ, ಮಂಕು ಬಣ್ಣದ ಕೋಶವಿರುತ್ತದೆ. ಹೆಟೆರೋಸಿಸ್ಟ್ ಎನ್ನುತ್ತಾರೆ, ಭಿನ್ನಕೋಶ ಎನ್ನೋಣ. ಅದು ಏಕಿದೆಯೆಂಬುದು ಬಹುಕಾಲ ಒಗಟಾಗಿತ್ತು. 1968ರಲ್ಲಿ ಫೇ, ಸ್ಟೂವರ್ಟ್, ವಾಲ್ಸ್‌ಬಿ, ಫಾಗ್ ಎಂಬ ನಾಲ್ವರು, ಸಾರಜನಕ ಹಿಡಿಯುವ ಜಾಗ ಇದೇ ಇರಬಹುದೇ ಎಂದು ‘ನೇಚರ್’ ಪತ್ರಿಕೆಯಲ್ಲಿ ಕೇಳಿದರು. ಎರಡೇ ವರ್ಷದಲ್ಲಿ, 1970ರಲ್ಲಿ, ಅದೇ ಪತ್ರಿಕೆಯಲ್ಲಿ ಟ್ರಾಂಬೆಯಿಂದ ಜೋಸೆಫ್ ಥಾಮಸ್ ಅವರ ಪುಟ್ಟ ಲೇಖನ ಬಂತು: ಭಿನ್ನಕೋಶಗಳಲ್ಲಿ ದ್ಯುತಿವ್ಯವಸ್ಥೆ 2ರ ವರ್ಣಕಗಳು ಇಲ್ಲ.

ಇದರ ಅರ್ಥ ಸಾಮಾನ್ಯವಾದದ್ದಲ್ಲ. ಆ ಕೋಶ ನೀರು ಒಡೆಯುವ ಯಂತ್ರವನ್ನು ಕೈಬಿಟ್ಟಿದೆ, ದ್ಯುತಿವ್ಯವಸ್ಥೆ 1ನ್ನು ಉಳಿಸಿಕೊಂಡಿದೆ. ಬೆಳಕಿನಿಂದ ಶಕ್ತಿ ಪಡೆಯುತ್ತದೆ, ಆದರೆ ಆಮ್ಲಜನಕ ಹುಟ್ಟಿಸುವುದಿಲ್ಲ. ಹಲಗೆಯ ಮೇಲಿನ ನನ್ನ ಚಿತ್ರದ ಎಡಗಡೆಯನ್ನು ಒರೆಸಿಹಾಕಿ, ಬಲಗಡೆಯ ಯಂತ್ರ ತನ್ನ ಎಲೆಕ್ಟ್ರಾನನ್ನು ತಾನೇ ಸುತ್ತುಹಾಕಿಸಿಕೊಳ್ಳುವಂತೆ ತಿದ್ದಿದಂತಾಯಿತು. ಸಕ್ಕರೆಯನ್ನು ತಾನು ಮಾಡಿಕೊಳ್ಳಲಾರದ್ದರಿಂದ ನೆರೆಯ ಕೋಶಗಳಿಂದ ಪಡೆಯುತ್ತದೆ. ಬದಲಿಗೆ ಅವಕ್ಕೆ ಸಾರಜನಕದ ಸಂಯುಕ್ತಗಳನ್ನು ಕೊಡುತ್ತದೆ. ಒಮ್ಮೆ ಭಿನ್ನಕೋಶವಾದದ್ದು ಮತ್ತೆ ಎಂದೂ ವಿಭಜನೆಯಾಗುವುದಿಲ್ಲ, ಸಂತಾನವಿಲ್ಲ. ಇಲ್ಲಿ ಹೊರನಾಡ ಕನ್ನಡಿಗನ ಉಪಮೆ ತರಬೇಕೆಂಬ ಆಸೆ ನಾಲಗೆಯ ತುದಿಗೆ ಬರುತ್ತದೆ. ನಮ್ಮ ವೇದಿಕೆಗಳಲ್ಲಿ ಸಕಲ ಚರಾಚರಗಳೂ ಹೊರನಾಡ ಕನ್ನಡಿಗನ ಉಪಮೆಗಳೇ ಆಗಿವೆ, ಇದೊಂದನ್ನಾದರೂ ಬಿಟ್ಟುಬಿಡುತ್ತೇನೆ.

ಥಾಮಸ್ ಅವರ ಮಾತಿಗೆ ಮುಂದೆ ತಿದ್ದುಪಡಿಗಳು ಬಂದವು. ಭಿನ್ನಕೋಶದಲ್ಲಿ ದ್ಯುತಿವ್ಯವಸ್ಥೆ 2ರ ಪ್ರೊಟೀನುಗಳು ಪೂರ್ತಿ ಇಲ್ಲವೆನ್ನಲಾಗದು, ಕೆಲವು ಉಳಿದಿರುತ್ತವೆ, ಆದರೆ ನೀರನ್ನು ಒಡೆಯುವುದಿಲ್ಲ ಎಂದು 2009ರ ಹೊತ್ತಿಗೆ ಕಂಡುಬಂತು. ಅನಬೀನಾದಲ್ಲಿ ದ್ಯುತಿವ್ಯವಸ್ಥೆ 1 ಮೂರೆಸಳಿನದಾಗಿರದೆ ನಾಲ್ಕೆಸಳಿನದಾಗಿರುತ್ತದೆ ಎಂಬುದು 2011ರಿಂದೀಚೆಗೆ ಸ್ಪಷ್ಟವಾಯಿತು. ಇವು ಮೂಲ ಮಾತನ್ನು ಅಳಿಸಲಿಲ್ಲ, ಹದಗೊಳಿಸಿದವು. ಟ್ರಾಂಬೆಯಲ್ಲಿ ಶ್ರೀ ಕುಮಾರ ಆಪ್ಟೆ ಅವರ ತಂಡ ಮುಂದೆ ಉಪ್ಪು, ಬರ, ವಿಕಿರಣಗಳನ್ನು ಅನಬೀನಾ ತಾಳಿಕೊಳ್ಳುವ ಬಗೆಯನ್ನು ದೀರ್ಘಕಾಲ ಅಭ್ಯಾಸ ಮಾಡಿತು. ಉಪ್ಪುನೀರು ನುಗ್ಗುವ ಗದ್ದೆಗಳು ನಮ್ಮ ಉತ್ತರ ಕನ್ನಡದ ಗಜನಿಗಳಲ್ಲಿಯೂ ಇವೆ ಎಂಬುದನ್ನು ನೆನೆದರೆ, ಅದು ನಮಗೆ ಎಷ್ಟು ಹತ್ತಿರದ ಕೆಲಸ ಎಂಬುದು ತಿಳಿದೀತು.

ಇನ್ನೊಂದು ಉದಾಹರಣೆ ಪವಯಿ ಕೆರೆಯದು. ಆ ಕೆರೆಯ ನೀರಿನಿಂದ ಐಐಟಿ ಮುಂಬಯಿಯ ಪ್ರಮೋದ್ ವಾಂಗಿಕರ್ ಅವರ ತಂಡ ಒಂದು ಸಯನೋಬ್ಯಾಕ್ಟೀರಿಯವನ್ನು ಬೇರ್ಪಡಿಸಿ, ಸೇಂಟ್ ಲೂಯಿಸ್‌ನ ಹಿಮಾದ್ರಿ ಪಕ್ರಾಸಿ ಅವರೊಡನೆ ಸೇರಿ 2018ರಲ್ಲಿ ಅದರ ವಿವರ ಪ್ರಕಟಿಸಿತು. ಸಾಮಾನ್ಯ ಗಾಳಿಯಲ್ಲಿ, 41 ಡಿಗ್ರಿ ಶಾಖದಲ್ಲಿ, ಎರಡು ಗಂಟೆ ಚಿಲ್ಲರೆ ಕಾಲದಲ್ಲಿ ಅದು ಇಮ್ಮಡಿಯಾಗುತ್ತದೆ. ಇಂಥ ವೇಗದ ಗುಟ್ಟೇನು? ಅದೇ ಕುಲದ ಇನ್ನೊಂದು ವೇಗದ ತಳಿಯನ್ನು ಅದರ ನಿಧಾನದ ದಾಯಾದಿಯೊಡನೆ ಹೋಲಿಸಿ ಅದೇ 2018ರಲ್ಲಿ ಪಕ್ರಾಸಿ ಅವರ ತಂಡ ಕಂಡದ್ದು ಹೀಗೆ: ಎರಡರ ಆನುವಂಶಿಕ ಪಾಠದಲ್ಲಿ ವ್ಯತ್ಯಾಸ ಅತ್ಯಲ್ಪ, ಆದರೆ ವೇಗದ ತಳಿಯ ಪೊರೆಯಲ್ಲಿ ದ್ಯುತಿವ್ಯವಸ್ಥೆ 1, ಸೈಟೋಕ್ರೋಮ್ ಸಂಕೀರ್ಣ, ಅವುಗಳ ನಡುವೆ ಓಡಾಡುವ ಪುಟ್ಟ ಪ್ರೊಟೀನು, ಇವುಗಳ ಪ್ರಮಾಣ ಹೆಚ್ಚು. ಹೊಸ ಯಂತ್ರವೇನೂ ಬಂದಿರಲಿಲ್ಲ, ಇದ್ದವುಗಳ ಪಾಲು ಬದಲಾಗಿತ್ತು.

ಮತ್ತೆ ಖಾಡಿಯ ಮಾತು. ರಾಜಹಂಸಗಳು ಬಂದಿವೆಯೆಂದರೆ ನೀರು ಶುದ್ಧವಾಗಿದೆಯೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪಲಾರೆ. ಊರಿನ ಕೊಳಚೆಯ ಸಾರವನ್ನುಂಡು ಈ ಜೀವಿಗಳು ಕೆಸರಿನಲ್ಲಿ ಹೆಚ್ಚುತ್ತವೆ. ಹಕ್ಕಿಗಳು ಅದಕ್ಕೆ ಬರುತ್ತವೆ. ಸಾರ ಮಿತಿಮೀರಿದರೆ ಕೆಲವು ಜಾತಿಯ ಸಯನೋಬ್ಯಾಕ್ಟೀರಿಯಗಳು ವಿಷವನ್ನೂ ಉಂಟುಮಾಡುತ್ತವೆ. ಉಬ್ಬರದ ನೀರು ಬಂದು ಹೋಗುವ ದಾರಿ ಕಟ್ಟಿದರಂತೂ ಎಲ್ಲವೂ ಮುಗಿಯಿತು. 2024ರಲ್ಲಿ ನೆರೂಳಿನ ಒಂದು ಕೆರೆ ಹೀಗೆ ಬತ್ತಿ ಅಲ್ಲಿ ರಾಜಹಂಸಗಳು ಸತ್ತ ಸುದ್ದಿಯನ್ನು ನೀವೂ ಓದಿದ್ದೀರಿ. ಹಕ್ಕಿಯ ಚಿತ್ರ ತೆಗೆಯಲು ಬರುವವರ ಸಂಖ್ಯೆ ದೊಡ್ಡದು. ಆ ಕೆಸರನ್ನು ಭರ್ತಿ ಮಾಡಬೇಡಿರೆಂದು ಅರ್ಜಿಗೆ ಸಹಿ ಹಾಕುವವರಲ್ಲಿ ನಮ್ಮ ಸಂಘದವರೂ ಇರಲಿ ಎಂದು ಈ ಸಭೆಯಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನು ಆ ಹುಡುಗನ ಪ್ರಶ್ನೆ. ಅವನೀಗ ಎಲ್ಲಿದ್ದಾನೋ ತಿಳಿಯದು. ಅರವತ್ತರ ಹತ್ತಿರ ಬಂದಿರಬೇಕು. ಈ ಪತ್ರಿಕೆ ಎಲ್ಲೋ ಅವನ ಕೈಗೆ ಸಿಕ್ಕೀತೆಂಬ ಆಸೆಯಿಂದ ಉತ್ತರ ಬರೆಯುತ್ತೇನೆ. ಅಪ್ಪಾ, ಆ ಎರಡರ ನಡುವಿನ ದೂರ ಒಂದೇ ಅಲ್ಲ. ಕೆಲವೆಡೆ ಅವು ಮೈಗೆ ಮೈ ತಾಗಿಸಿಕೊಂಡಿರುತ್ತವೆ, ಕೆಲವೆಡೆ ನಡುವೆ ಬೇರೆ ಯಂತ್ರಗಳ ಕೇರಿಯೇ ಇರುತ್ತದೆ. ಎಲೆಕ್ಟ್ರಾನನ್ನು ಒಂದು ಸಣ್ಣ ಅಣು ಆ ಇಕ್ಕಟ್ಟಿನಲ್ಲಿ ನುಸುಳುತ್ತ ಹೊತ್ತೊಯ್ಯುತ್ತದೆ. ಇಡೀ ಪಯಣದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಆ ಅಣು ತನ್ನ ಹೊರೆಯನ್ನು ಸೈಟೋಕ್ರೋಮಿಗೆ ಒಪ್ಪಿಸುವಲ್ಲಿ, ಕೆಲವು ಮಿಲಿಸೆಕೆಂಡು. ಮತ್ತು ಬೆಳಕು ಬದಲಾದಂತೆ ಯಂತ್ರಗಳ ನೆರೆಹೊರೆಯೂ ಬದಲಾಗುತ್ತದೆ. ನೀನು ಕೇಳಿದ ಪ್ರಶ್ನೆಯನ್ನೇ ಹಿಡಿದು ಲಂಡನ್ನಿನಲ್ಲಿ, ಶೆಫೀಲ್ಡಿನಲ್ಲಿ, ಲಿವರ್‌ಪೂಲಿನಲ್ಲಿ ಜನ ಇಪ್ಪತ್ತು ಮೂವತ್ತು ವರ್ಷ ದುಡಿದರು.

ಕಿರಿಯರಿಗೆ ಒಂದು ಸೂಚನೆ: ಮುಂದಿನ ಭಾನುವಾರ ಸಂಜೆ ನನ್ನ ಹಳೆಯ ಸೂಕ್ಷ್ಮದರ್ಶಕವನ್ನು ಸಂಘದ ಕೋಣೆಗೆ ತರುತ್ತೇನೆ. ನಿಮ್ಮ ಕಟ್ಟಡದ ಗಚ್ಚಿಯಿಂದ ಆ ಕರಿಹಸಿರು ಪದರದ ಒಂದು ಚಿಟಿಕೆಯನ್ನು ಒದ್ದೆ ಕಾಗದದಲ್ಲಿ ಸುತ್ತಿ ತನ್ನಿ. ಯಂತ್ರಗಳು ಅದರಲ್ಲಿ ಕಾಣಿಸುವುದಿಲ್ಲ. ಸರ ಕಾಣುತ್ತದೆ, ಅದೃಷ್ಟವಿದ್ದರೆ ನಡುವೆ ಮಂಕು ಬಣ್ಣದ ಭಿನ್ನಕೋಶವೂ ಕಾಣುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುತ್ತೇನೆ.